ಕೈರೋ, ಕಟಿಬಸ್ತಿ, ಫಿಸಿಯೋ: ನನ್ನ ಸೊಂಟದ ಲೆಕ್ಕ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಲ್ಲರೂ ಹೆಜ್ಜೆ ಎಣಿಸುತ್ತಾರೆ. ಹೋದ ವರ್ಷ ನಾನು ಬೆಂಚು ಎಣಿಸುತ್ತಿದ್ದೆ. ಐದಾರು ನಿಮಿಷ ನಡೆದರೆ ಸಾಕು, ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಸೆಳೆತ, ಜೋಮು. ಕೂತು ಮುಂದಕ್ಕೆ ಬಾಗಿದರೆ ಎರಡೇ ನಿಮಿಷದಲ್ಲಿ ಮಾಯ. ಒಂದು ವಾಕಿಂಗ್‌ಗೆ ನಾಲ್ಕು ಬೆಂಚು.

ನನಗೆ 69. ಮೂಳೆ ಡಾಕ್ಟರು ಎಂಆರ್‌ಐ ನೋಡಿ ಸ್ಟೆನೋಸಿಸ್ ಎಂದರು. ಬೆನ್ನುಮೂಳೆಯೊಳಗೆ ನರಗಳು ಹಾಯುವ ದಾರಿ ಕಿರಿದಾಗಿದೆಯಂತೆ. ನೆಟ್ಟಗೆ ನಿಂತರೆ ಇನ್ನೂ ಕಿರಿದು, ಬಾಗಿದರೆ ಒಂಚೂರು ಅಗಲ. ಸೈಕಲ್ ತುಳಿದರೆ ಸುಮ್ಮನಿರುವ ಕಾಲು ನಡೆದರೆ ಯಾಕೆ ಅಳುತ್ತೆ ಅನ್ನೋದು ಆಗ ತಿಳಿಯಿತು. ಆಪರೇಷನ್ ಈಗಲೇ ಬೇಡ ಅಂದರು.

ಮೊದಲು ಹೋದದ್ದು ಕೈರೋಪ್ರಾಕ್ಟಿಕ್‌ಗೆ, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸಿ ಮಾಡುವ ಚಿಕಿತ್ಸೆಗೆ. ಮಗ ತೋರಿಸಿದ ವಿಡಿಯೋಗಳಲ್ಲಿ ಕತ್ತು ತಿರುಗಿಸಿ ಲಟಕ್ ಅನ್ನಿಸುತ್ತಿದ್ದರು. ಮಂಡ್ಯ ಕಡೆ ನಮ್ಮೂರಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ ನೆಟಿಗೆ ತೆಗೆಯುತ್ತಿದ್ದುದೂ ಇದೇ ಅಲ್ವಾ? ಒಂದು ಕಡೆ ರಿಪೋರ್ಟ್ ಕೂಡ ಕೇಳದೆ ಬೋರಲು ಮಲಗಿ ಅಂದರು. ಚಪ್ಪಲಿ ಹಾಕಿಕೊಂಡು ವಾಪಸ್ ಬಂದೆ.

ಇನ್ನೊಂದು ಕಡೆಯವರು ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಂಡು ಬರುವವರೆಗೆ ನನ್ನನ್ನು ಮುಟ್ಟಲಿಲ್ಲ. ಅದರಲ್ಲಿ ಬರುವ ಅಂಕ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಬಲ ಕಳೆದುಕೊಂಡ ಹಾಗೆ. ನನ್ನದು ಮೈನಸ್ 1.9. ಆದರೂ ನೆಟಿಗೆ ಬೇಡ ಎಂದರು. ಅವರ ಟೇಬಲ್ ಸೊಂಟದ ಹತ್ತಿರ ಎರಡು ಭಾಗ. ಕಾಲಿನ ಕಡೆಯದು ಮೆಲ್ಲಗೆ ಕೆಳಗಿಳಿಯುತ್ತದೆ, ಮೇಲೇರುತ್ತದೆ. ತೊಟ್ಟಿಲಲ್ಲಿ ಮಲಗಿದ ಹಾಗೆ. ಆಮೇಲೆ ಸ್ಪ್ರಿಂಗ್ ಇರುವ ಒಂದು ಸಣ್ಣ ಉಪಕರಣದಿಂದ ಬೆನ್ನ ಮೇಲೆ ಟಕ್, ಟಕ್. ನೋವೇ ಇಲ್ಲ. ಎದ್ದಾಗ ಕಾಲು ಹಗುರ. ಇಷ್ಟು ಬೇಗ ಸುಖ ಕೊಟ್ಟದ್ದು ಬೇರೆ ಯಾವುದೂ ಇಲ್ಲ, ಅದನ್ನು ಒಪ್ಪಲೇಬೇಕು. ಆದರೆ ಒಂದು ತಿಂಗಳಲ್ಲಿ ಎಂಟು ಸಲ ಹೋದರೂ ಆ ಸುಖ ಎರಡು ದಿನ ದಾಟಲಿಲ್ಲ. ಬೆಂಚು ನಾಲ್ಕರಿಂದ ಮೂರಕ್ಕೆ ಇಳಿಯಿತು, ಅಷ್ಟೇ.

ಆಮೇಲೆ ಆಯುರ್ವೇದದ ಕಟಿಬಸ್ತಿ, ಏಳು ದಿನ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಅರ್ಧ ಗಂಟೆ. ನಾನಂತೂ ಗೊರಕೆ ಹೊಡೆದೆ. ಬೆಳಿಗ್ಗೆ ಏಳುವಾಗಿನ ಬಿಗಿತ ಹೋಯಿತು, ಕಾಲಿನ ಜೋಮು ಹಾಗೇ ಉಳಿಯಿತು.

ಮೂರರಲ್ಲಿ ಎಲ್ಲಕ್ಕಿಂತ ಬೋರು ಫಿಸಿಯೋಥೆರಪಿ. ಮಲಗಿ ಮಂಡಿ ಎದೆಗೆ ತರುವುದು, ಸೊಂಟ ಎತ್ತಿ ಹಿಡಿಯುವುದು, ನಿಂತಲ್ಲೇ ತುಳಿಯುವ ಸೈಕಲ್. ಮನೆಯಲ್ಲಿ ದಿನಾ ಎರಡು ಹೊತ್ತು. ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಒಂದು ಸುತ್ತು ಮುಗಿಯುತ್ತಿತ್ತು. ಎರಡು ವಾರ ಏನೂ ಆಗಲಿಲ್ಲ, ಬಿಟ್ಟುಬಿಡುತ್ತೇನೆ ಅಂದಿದ್ದಕ್ಕೆ ವ್ಯಾಯಾಮ ಹೇಳಿಕೊಡುವ ಹುಡುಗಿ ಚೆನ್ನಾಗಿ ಬೈದಳು. ಆರನೇ ವಾರಕ್ಕೆ ಒಂದೇ ಬೆಂಚು. ಕೈರೋ ಮೊದಲು ಸ್ವಲ್ಪ ಸಡಿಲ ಮಾಡಿದ್ದರಿಂದ ವ್ಯಾಯಾಮ ಸುಲಭವಾಯಿತೋ ಏನೋ. ಆದರೂ ಒಂದಕ್ಕೇ ದುಡ್ಡಿದೆ ಅಂದರೆ ನನ್ನ ದುಡ್ಡು ಫಿಸಿಯೋಗೆ.

ನನ್ನವಳ ಟಿ-ಸ್ಕೋರ್ ಮೈನಸ್ 2.9. ಬೆನ್ನನ್ನು ಒತ್ತಿ ತಿರುಗಿಸುವ ಯಾವುದೂ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಅಂಥ ಮೂಳೆ ಜೋರು ಒತ್ತಿಗೆ ಬಿರುಕು ಬಿಡಬಹುದು. ಅವಳಿಗೆ ಆಯ್ಕೆಯ ತಲೆನೋವೇ ಇಲ್ಲ. ಇನ್ನು ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಎಳೆಯುವಂತಾದರೆ ಈ ಮೂರೂ ಬೇಡ. ಆ ದಿನವೇ ದೊಡ್ಡಾಸ್ಪತ್ರೆಗೆ ಓಡಬೇಕು.

ಕೈರೋ ಪೂರ್ತಿ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅಂದರೆ ಹಿಂದಿನ ದಿನ ಆ ತೊಟ್ಟಿಲಲ್ಲಿ ಮಲಗಿ ಬರುತ್ತೇನೆ. ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿಯವರೆಗೆ ಹತ್ತಿದೆ. ಹತ್ತುವಾಗ ಮೈ ಮುಂದಕ್ಕೆ ಬಾಗುವುದರಿಂದ ಕಾಲು ತಕರಾರು ಮಾಡಲಿಲ್ಲ. ಇಳಿಯುವಾಗ ಬೆನ್ನು ಹಿಂದಕ್ಕೆ ವಾಲುತ್ತದಲ್ಲ, ಅದಕ್ಕೆ ಮಗನ ಸ್ಕೂಟರ್ ಕರೆಸಿಕೊಂಡೆ.