ನಿಂತುಹೋದ ಸೆನ್ಸರ್‌ನ ಹಳೆಯ ಅಂಕಿಯನ್ನು ಹಸಿರಿನಲ್ಲಿ ತೋರಿಸುವ ನಿಗಾ ಆ್ಯಪ್‌ಗಳ ಬಗ್ಗೆ ಎಚ್ಚರಿಕೆ

ಮನೆಯ ಕಂಪ್ಯೂಟರ್, ಕ್ಯಾಮೆರಾ, ಸ್ಮಾರ್ಟ್ ಪ್ಲಗ್, ತಾಪಮಾನದ ಸೆನ್ಸರ್ ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುತ್ತೇವೆ, ಏನಾದರೂ ಹೆಚ್ಚುಕಡಿಮೆಯಾದರೆ ಕೂಡಲೇ ಮೊಬೈಲಿಗೆ ತಿಳಿಸುತ್ತೇವೆ ಎಂದು ಹೇಳಿ ಮಾರುವ ನಿಗಾ ಆ್ಯಪ್‌ಗಳು ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳವರೆಗೂ ಬಂದಿವೆ. ಅಂಥದೊಂದನ್ನು ವರ್ಷದ ಚಂದಾ ಕಟ್ಟಿ ಹಾಕಿಸಿಕೊಂಡ ನಮ್ಮ ಮನೆಯಲ್ಲಿ ಆದ ನಷ್ಟವನ್ನೂ, ಆ ಬಳಿಕ ತಿಳಿದುಬಂದ ಅದರ ಇತರ ದೋಷಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆದಿಲ್ಲ. ಇದೇ ದೋಷವಿರುವ ಬೇರೆ ಆ್ಯಪ್‌ಗಳನ್ನೂ ನೋಡಿದ್ದೇನಾದ್ದರಿಂದ, ಹೆಸರಿಗಿಂತ ದೋಷದ ಗುರುತು ಸಿಕ್ಕರೆ ಕೊಳ್ಳುವವರಿಗೆ ಹೆಚ್ಚು ಅನುಕೂಲ.

ನಮ್ಮ ಮನೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ; ಮುಂದೆ ವಾಸದ ಮನೆ, ಹಿಂದೆ ರೇಷ್ಮೆ ಹುಳು ಮನೆ. ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುವ ನನ್ನ ಕಂಪ್ಯೂಟರ್, ಲೆಕ್ಕಪತ್ರ ಮತ್ತು ಫೋಟೊಗಳಿರುವ ಹಳೆಯ ಕಂಪ್ಯೂಟರ್, ಅಂಗಳದ ಕ್ಯಾಮೆರಾಗಳು, ಹುಳು ಮನೆಯ ತಾಪಮಾನ ಮತ್ತು ತೇವಾಂಶದ ಸೆನ್ಸರ್, ಅಲ್ಲಿಯ ಹೀಟರಿಗೆ ಹಾಕಿದ 16 ಆಂಪಿಯರ್ ಸ್ಮಾರ್ಟ್ ಪ್ಲಗ್, ಇಷ್ಟನ್ನು ಆ ಆ್ಯಪ್‌ಗೆ ಜೋಡಿಸಲಾಗಿತ್ತು. ಮಾರಿದವರೇ ಬಂದು ಜೋಡಿಸಿಕೊಟ್ಟರು. ಹುಳು ಸಾಕುವವರಿಗೆ ಹೇಳಬೇಕಾಗಿಲ್ಲ, ಆದರೂ ಉಳಿದವರಿಗಾಗಿ ಹೇಳುವುದಾದರೆ, ಚಾಕಿ ಹುಳುವಿಗೆ (ಎಳೆಯ ಹುಳುವಿಗೆ) ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು, ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಸಾಕು; ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆ ಹೊರಗಿನ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಇಲ್ಲದೆ ಆಗುವುದಿಲ್ಲ.

ಹುಳು ಮೂರನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕೂತಿದ್ದ ರಾತ್ರಿ ಕರೆಂಟು ಹೋಗಿ, ಸ್ವಲ್ಪ ಹೊತ್ತಿನ ನಂತರ ಬಂತು. ವಾಸದ ಮನೆಗೆ ಇನ್ವರ್ಟರ್ ಇದೆ, ಹುಳು ಮನೆಗೆ ಇಲ್ಲ. ಕರೆಂಟು ಮರಳಿದಾಗ ಸ್ಮಾರ್ಟ್ ಪ್ಲಗ್ ಆಫ್ ಸ್ಥಿತಿಯಲ್ಲೇ ಉಳಿಯಿತು, ಸೆನ್ಸರ್ ವೈಫೈಗೆ ಮತ್ತೆ ಸೇರಿಕೊಳ್ಳಲಿಲ್ಲ. ಪ್ಲಗ್ಗನ್ನು ನಾನು ದೂರುವುದಿಲ್ಲ. ಹೀಟರಿನಂಥ ವಸ್ತು ತಾನಾಗಿಯೇ ಮತ್ತೆ ಹೊತ್ತಿಕೊಳ್ಳದಿರುವುದೇ ಬೆಂಕಿಯ ದೃಷ್ಟಿಯಿಂದ ಕ್ಷೇಮ. ಸೆನ್ಸರ್ ಸಂಪರ್ಕ ಕಳೆದುಕೊಳ್ಳುವುದೂ ದೊಡ್ಡ ವಿಷಯವಲ್ಲ, ಅದು ಎಲ್ಲ ಕಡೆ ಆಗುವಂಥದ್ದು. ಆದರೆ ಇವೆರಡನ್ನೂ ನೋಡಿ ಹೇಳುವುದಕ್ಕೆಂದೇ ಹಣ ಪಡೆದ ಆ್ಯಪ್, ಕರೆಂಟು ಹೋಗುವ ಮುಂಚೆ ಬಂದಿದ್ದ 25.8 ಡಿಗ್ರಿಯನ್ನು ಬೆಳಗಿನವರೆಗೂ ಹಸಿರು ಬಣ್ಣದಲ್ಲಿ ತೋರಿಸುತ್ತಲೇ ಇತ್ತು. ಆ ಅಂಕಿ ಎಷ್ಟು ಹೊತ್ತಿನದು ಎಂಬುದು ಪರದೆಯ ಮೇಲೆ ಎಲ್ಲಿಯೂ ಇರಲಿಲ್ಲ. ಮಲಗುವ ಮುಂಚೆ ಅದನ್ನು ನೋಡಿದ ತಂದೆಯವರು ಎಲ್ಲ ಸರಿಯಿದೆ ಎಂದುಕೊಂಡರು. ಬೆಳಿಗ್ಗೆ ಗೋಡೆಯ ಥರ್ಮಾಮೀಟರ್ 17 ತೋರಿಸುತ್ತಿತ್ತು.

ಹುಳು ಸಾಯಲಿಲ್ಲ, ಆದರೆ ಜ್ವರದಿಂದ ಏಳುವುದು ಏರುಪೇರಾಯಿತು. ಕೆಲವು ಎದ್ದು ಸೊಪ್ಪಿಗೆ ತಡಕಾಡುತ್ತಿರುವಾಗ ಪಕ್ಕದವು ಇನ್ನೂ ಕೂತೇ ಇದ್ದವು. ಅಲ್ಲಿಂದ ಮುಂದೆ ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದೂ) ಒಂದೇ ಸಲಕ್ಕೆ ಆಗಲಿಲ್ಲ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಕೆಲಸಕ್ಕೆ ಆಳಿನ ಖರ್ಚು ಹೆಚ್ಚಿತು, ಗೂಡು ಸಮನಾಗಿಲ್ಲದ ಕಾರಣ ಹರಾಜಿನಲ್ಲಿ ದರ ಕುಸಿಯಿತು. ಕಂಪನಿಗೆ ದೂರು ಕೊಟ್ಟಾಗ ಬಂದ ಉತ್ತರವನ್ನು ಕೊಳ್ಳುವವರು ಗಮನವಿಟ್ಟು ಓದಬೇಕು: ನಿಗದಿ ಮಾಡಿದ ಮಿತಿಯನ್ನು ದಾಟಿದ ಅಂಕಿ ಬಂದರೆ ಮಾತ್ರ ಎಚ್ಚರಿಕೆ ಹೋಗುತ್ತದೆ, ಅಂಕಿಯೇ ಬಾರದಿದ್ದರೆ ಎಚ್ಚರಿಸುವುದಕ್ಕೆ ಏನೂ ಇರುವುದಿಲ್ಲ, ಸಂಪರ್ಕ ತಪ್ಪಿದ್ದನ್ನು ತಿಳಿಸುವ ಸೌಲಭ್ಯ ಮೇಲಿನ ದರ್ಜೆಯ ಚಂದಾದಲ್ಲಿ ಇದೆ. ನಿಗಾ ತಂತ್ರಾಂಶದ ಮೊದಲ ಕರ್ತವ್ಯವನ್ನೇ ಹೆಚ್ಚುವರಿ ಸೌಲಭ್ಯವೆಂದು ಮಾರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊಳವೆಬಾವಿಗೆ ನಮ್ಮ ರೈತರು ಹಾಕಿಸುವ ಮೊಬೈಲ್ ಸ್ಟಾರ್ಟರ್‌ಗೆ ಬಣ್ಣದ ಪರದೆಯಿಲ್ಲ, ಗ್ರಾಫಿಲ್ಲ. ಆದರೆ ತೋಟಕ್ಕೆ ತ್ರೀಫೇಸ್ ಬಂದರೆ ಅದು ಫೋನ್ ಮಾಡಿ ಹೇಳುತ್ತದೆ.

ಈ ವಿಷಯದಲ್ಲಿ ಗಂಭೀರವಾದ ನಿಗಾ ತಂತ್ರಾಂಶಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಆಮೇಲೆ ಒಂದೊಂದಾಗಿ ನೋಡಿದೆ. 2001ರಿಂದ ಬಳಕೆಯಲ್ಲಿರುವ ಝ್ಯಾಬಿಕ್ಸ್‌ನಲ್ಲಿ, ಇಂತಿಷ್ಟು ಹೊತ್ತು ಮಾಹಿತಿ ಬಾರದಿದ್ದರೆ ಎಚ್ಚರಿಸು ಎಂದು ಹೇಳುವುದಕ್ಕೆಂದೇ ನೋಡೇಟಾ ಎಂಬ ಸೂತ್ರವಿದೆ. ಗ್ರಫಾನಾದ ಎಚ್ಚರಿಕೆಗಳಲ್ಲಿ ಮಾಹಿತಿ ಇಲ್ಲ ಎಂಬುದು ಸರಿ ಮತ್ತು ತಪ್ಪು ಎಂಬ ಎರಡರಿಂದಲೂ ಬೇರೆಯಾದ ಮೂರನೆಯ ಸ್ಥಿತಿ. ಪ್ರೊಮಿಥಿಯಸ್‌ನಲ್ಲಿ ಮಾತ್ರ ಎಚ್ಚರದಿಂದಿರಬೇಕು: ಸೆನ್ಸರ್‌ನ ಅಂಕಿ ಬರುವುದು ನಿಂತರೆ ಹೆಚ್ಚೆಂದರೆ 5 ನಿಮಿಷಗಳಲ್ಲಿ ಅದು ಆ ಅಂಕಿಯನ್ನು ಇಲ್ಲವೆಂದೇ ಪರಿಗಣಿಸುತ್ತದೆ, ಆದ್ದರಿಂದ 20 ಡಿಗ್ರಿಗಿಂತ ಕಡಿಮೆಯಾದರೆ ಎಚ್ಚರಿಸು ಎಂಬ ನಿಯಮವೊಂದನ್ನೇ ಬರೆದಿದ್ದರೆ ಇಲ್ಲದ ಅಂಕಿಗೆ ಆ ನಿಯಮ ಅನ್ವಯಿಸದೆ ಅದೂ ಮೌನವಾಗುತ್ತದೆ, ಅಂಕಿಯ ಗೈರನ್ನು ಹಿಡಿಯುವ ಇನ್ನೊಂದು ನಿಯಮವನ್ನು ನಾವೇ ಬರೆಯಬೇಕು. ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹೋಮ್ ಅಸಿಸ್ಟೆಂಟ್ ಕೂಡ ಈ ತೊಡಕಿನಿಂದ ಪೂರ್ತಿ ಮುಕ್ತವಲ್ಲ. ಎಂಕ್ಯೂಟಿಟಿ ಎಂಬ ಸಂದೇಶ ವಿಧಾನದ ಮೂಲಕ ಬರುವ ಸೆನ್ಸರ್‌ಗೆ ಅವಧಿ ಮೀರುವ ಸಮಯವನ್ನು ನಾವು ನಮೂದಿಸದಿದ್ದರೆ ಅದು ಹಳೆಯ ಅಂಕಿಯನ್ನೇ ಇಟ್ಟುಕೊಂಡಿರಬಹುದು. ಅದರ ಜಿಗ್ಬೀ (ಸಣ್ಣ ಸಾಧನಗಳ ವೈರ್‌ಲೆಸ್ ಸಂಪರ್ಕ) ವ್ಯವಸ್ಥೆಯಲ್ಲಿ ಬ್ಯಾಟರಿಯ ಸಾಧನವೊಂದು ಮಾತಾಡದೆ 6 ಗಂಟೆ ಕಳೆದ ಮೇಲೆಯೇ ಅದನ್ನು ಲಭ್ಯವಿಲ್ಲ ಎಂದು ತೋರಿಸುವುದು ಮೂಲ ಸೆಟ್ಟಿಂಗ್, ಅಂದರೆ ಚಳಿಗಾಲದ ಒಂದು ರಾತ್ರಿಯೇ ಕಳೆದುಹೋಗುತ್ತದೆ. ಆದರೆ ಇವುಗಳಲ್ಲಿ ಸೆಟ್ಟಿಂಗ್ ಬದಲಿಸುವ ಅವಕಾಶವಿದೆ, ಅದಕ್ಕೆ ಚಂದಾ ಕೇಳುವುದಿಲ್ಲ.

ಕಂಪ್ಯೂಟರ್‌ಗಳ ವಿಷಯದಲ್ಲೂ ಆ ಆ್ಯಪ್ ಇಂಥದ್ದನ್ನೇ ಮಾಡಿತು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಡುತ್ತಿದ್ದಾಗಲೂ ಅದರ ಹೆಸರಿನ ಮುಂದೆ ಆರೋಗ್ಯವಾಗಿದೆ ಎಂದೇ ಇತ್ತು, ಏಕೆಂದರೆ ಅದು ನೋಡುತ್ತಿದ್ದದ್ದು ಪಿಂಗ್‌ಗೆ, ಅಂದರೆ ಇದ್ದೀಯಾ ಎಂದು ನೆಟ್‌ವರ್ಕಿನಲ್ಲಿ ಕೇಳುವ ಕರೆಗೆ, ಉತ್ತರ ಬರುತ್ತದೆಯೇ ಎಂಬುದನ್ನಷ್ಟೇ. ಪಿಂಗ್‌ಗೆ ಉತ್ತರ ಬಂದರೆ ಆ ಯಂತ್ರದ ನೆಟ್‌ವರ್ಕ್ ಎಚ್ಚರವಾಗಿದೆ ಎಂದಷ್ಟೇ ಅರ್ಥ. ಡಿಸ್ಕಿನ ಸ್ಥಿತಿ ತಿಳಿಯಬೇಕಾದರೆ ಡಿಸ್ಕ್ ತಾನೇ ಬರೆದಿಡುವ ಸ್ಮಾರ್ಟ್ (S.M.A.R.T.) ದಾಖಲೆಯನ್ನು ಓದಬೇಕು. ಅದರಲ್ಲಿ 5ನೇ ಸಂಖ್ಯೆಯ ಸಾಲು ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಭಾಗಗಳ) ಬದಲಿಗೆ ಬೇರೆಯವನ್ನು ಬಳಸಿಕೊಂಡ ಲೆಕ್ಕ, 197ನೇ ಸಾಲು ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ. ಈ ಎರಡು ಏರುತ್ತಿದ್ದರೆ ಫೋಟೊಗಳನ್ನು ಅಂದೇ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಇದನ್ನು ಉಚಿತವಾಗಿ ತೋರಿಸುತ್ತವೆ.

ಇದಕ್ಕಿಂತ ಕಳವಳದ ಸಂಗತಿ ರೂಟರ್‌ನಲ್ಲಿ ಕಂಡಿತು. ಹೊರಗಿನಿಂದ ಕ್ಯಾಮೆರಾ ನೋಡಲು ಅನುಕೂಲವಾಗಲಿ ಎಂದು ಆ ಆ್ಯಪ್ ಜೊತೆ ಕೊಟ್ಟಿದ್ದ ಪೆಟ್ಟಿಗೆ ಯುಪಿಎನ್‌ಪಿ (ಸಾಧನಗಳು ತಾವೇ ರೂಟರ್‌ನಲ್ಲಿ ದಾರಿ ತೆರೆದುಕೊಳ್ಳುವ ಸೌಲಭ್ಯ) ಮೂಲಕ ರೂಟರ್‌ನ ಪೋರ್ಟ್‌ಗಳನ್ನು ನಮ್ಮನ್ನು ಕೇಳದೆ ತೆರೆದಿಟ್ಟಿತ್ತು, ಅದರ ಪುಟಕ್ಕೆ ಇದ್ದ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಆಗಿತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೀಗೆಯೇ: ಕಾರ್ಖಾನೆಯ ಹೆಸರು ಮತ್ತು ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಅದು ಮನೆಗಳ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ವಶಪಡಿಸಿಕೊಂಡಿತು, ಅದೇ ವರ್ಷದ ಅಕ್ಟೋಬರ್ 21ರಂದು ಅವುಗಳನ್ನೇ ಬಳಸಿ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಹಲವರಿಗೆ ತೆರೆಯದಾದವು. ರೂಟರ್‌ನಲ್ಲಿ ಯುಪಿಎನ್‌ಪಿಯನ್ನು ಆಫ್ ಮಾಡಿಡಿ. ಹೊರಗಿನಿಂದ ನೋಡಲೇಬೇಕಾದರೆ ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್‌ನಂಥ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಹೊರಗಿನಿಂದ ಸೇರುವ ಗುಪ್ತ ದಾರಿ) ಸಾಕು.

ಕೊಳ್ಳುವ ಮುನ್ನ, ಅಥವಾ ಹಣ ವಾಪಸು ಕೇಳುವ ಅವಧಿ ಮುಗಿಯುವ ಮುನ್ನ, ಮಾರುವವರ ಎದುರಿಗೇ ಸೆನ್ಸರ್‌ನ ವೈರು ಕಿತ್ತು ಆ್ಯಪ್ ಎಷ್ಟು ಹೊತ್ತಿಗೆ ಬಾಯಿ ಬಿಡುತ್ತದೆ ಎಂದು ನೋಡಿ. ಆಮೇಲೆ ರೂಟರ್ ಆಫ್ ಮಾಡಿ, ನಿಮ್ಮ ಮೊಬೈಲಿಗೆ ಸುದ್ದಿ ಬರುತ್ತದೆಯೇ ಎಂದು ನೋಡಿ. ಈ ಎರಡನೆಯ ಪರೀಕ್ಷೆಯಲ್ಲಿ ಮನೆಯೊಳಗೆ ಕೂತ ತಂತ್ರಾಂಶ ಎಷ್ಟೇ ಒಳ್ಳೆಯದಾದರೂ ಸೋಲುತ್ತದೆ, ಏಕೆಂದರೆ ಇಂಟರ್‌ನೆಟ್ ಇಲ್ಲದಿರುವಾಗ ಅದು ಇಂಟರ್‌ನೆಟ್ ಮೂಲಕ ತಿಳಿಸಲಾರದು. ಅದಕ್ಕೆ ಹೊರಗೊಬ್ಬ ಕಾವಲುಗಾರ ಬೇಕು. ಹೆಲ್ತ್‌ಚೆಕ್ಸ್ ಎಂಬ ಸೇವೆ ಈ ಕೆಲಸ ಮಾಡುತ್ತದೆ: ಮನೆಯಿಂದ ನಿಗದಿತ ಅವಧಿಗೊಮ್ಮೆ ಅದಕ್ಕೆ ಇಂಟರ್‌ನೆಟ್ ಮೂಲಕ ಒಂದು ಕರೆ ಹೋಗುತ್ತಿರಬೇಕು, ಹೋಗದಿದ್ದರೆ ಅದು ನಮ್ಮನ್ನು ಎಚ್ಚರಿಸುತ್ತದೆ. ಮೊಬೈಲಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸಿಬಿಡುವುದುಂಟು, ಅದಕ್ಕೂ ವಿನಾಯಿತಿ ಕೊಟ್ಟಿರಬೇಕು.

ನಮ್ಮ ಮನೆಯಲ್ಲಿ ಈಗ ಕಂಪ್ಯೂಟರ್ ಮತ್ತು ಕ್ಯಾಮೆರಾಗಳಿಗೆ ಅಪ್‌ಟೈಮ್ ಕೂಮಾ ಎಂಬ ನಿಗಾ ತಂತ್ರಾಂಶ, ಹುಳು ಮನೆಗೆ ಹೋಮ್ ಅಸಿಸ್ಟೆಂಟ್ ಇದೆ. ಅಪ್‌ಟೈಮ್ ಕೂಮಾದ ಪುಶ್ ವಿಧಾನವೂ ಕರೆ ಬಾರದಿರುವುದನ್ನೇ ದೋಷವೆಂದು ಹಿಡಿಯುತ್ತದೆ. ಒಂದು ಮನೆಗೆ ಝ್ಯಾಬಿಕ್ಸ್ ಭಾರವೇ ಸರಿ, ಅದರ ಡೇಟಾಬೇಸನ್ನು ನೋಡಿಕೊಳ್ಳುವುದೇ ಇನ್ನೊಂದು ಕೆಲಸವಾಗುತ್ತದೆ. ಇವನ್ನೆಲ್ಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಸುವುದಾದರೆ ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ, ಸದಾ ಬರೆಯುವ ತಂತ್ರಾಂಶಕ್ಕೆ ಕಾರ್ಡು ಹೆಚ್ಚು ಕಾಲ ತಡೆಯುವುದಿಲ್ಲ. ರೂಟರ್, ಪೈ ಮತ್ತು ಹುಳು ಮನೆಯ ಸೆನ್ಸರ್ ಮೂರೂ ಒಂದೇ ಇನ್ವರ್ಟರ್ ಲೈನಿನಲ್ಲಿರಲಿ.

ನಿಮ್ಮಲ್ಲಿ ಈಗಾಗಲೇ ಇಂಥ ಆ್ಯಪ್ ಇದ್ದು ಅದನ್ನು ಬಿಡುವುದಾದರೆ, ಮೊಬೈಲಿನಿಂದ ಆ್ಯಪ್ ತೆಗೆದರೆ ಸಾಲದು. ಮೊದಲು ಪ್ರತಿಯೊಂದು ಸಾಧನವನ್ನೂ ಖಾತೆಯಿಂದ ಬೇರ್ಪಡಿಸಿ, ಆಮೇಲೆ ಖಾತೆಯನ್ನು ಅಳಿಸಿ, ಕಂಪ್ಯೂಟರಿನಲ್ಲಿ ಅವರು ಹಾಕಿದ, ಮಾಹಿತಿ ಕಳಿಸುವ ಏಜೆಂಟ್ ತಂತ್ರಾಂಶವನ್ನು ತೆಗೆಯಿರಿ, ರೂಟರ್‌ನಲ್ಲಿ ಪೋರ್ಟ್ ತೆರೆದಿದ್ದರೆ ಮುಚ್ಚಿ ವೈಫೈ ಪಾಸ್‌ವರ್ಡ್ ಬದಲಿಸಿ. ಖಾತೆಗೆ ಅಂಟಿಕೊಂಡೇ ಉಳಿದ ಸೆನ್ಸರ್ ಅಥವಾ ಕ್ಯಾಮೆರಾವನ್ನು ಬೇರೆಯವರಿಗೆ ಕೊಟ್ಟರೆ ಎಷ್ಟೋ ಸಲ ಅದು ಅವರಲ್ಲಿ ಜೋಡಣೆಯಾಗುವುದೇ ಇಲ್ಲ.