ಟ್ರೇಲರ್ ಕಟ್ಟಿದಾಗ ಗಾಡಿ ಎಳೆಯುತ್ತಿಲ್ಲವೇ? ನಾಲ್ಕು ಬೇಸಿಗೆ ಬಳಸಿದ ಬ್ಲೂಟೂತ್ ಓಬಿಡಿ ರೀಡರ್ ಬಗ್ಗೆ

ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿಗೆ ಹೋಗುವ ಹೈವೇ 120ರ ಮೇಲೆ ಪ್ರೀಸ್ಟ್ ಗ್ರೇಡ್ ಎಂಬ ಘಾಟಿ ಇದೆ. ಅಲ್ಲಿ ಎರಡು ರಸ್ತೆ. ಹಳೆಯದು ನೆಟ್ಟಗೆ ಗುಡ್ಡ ಹತ್ತುತ್ತದೆ, ಹೊಸದು ಸುತ್ತಿ ಬಳಸಿ ಹೋಗುತ್ತದೆ. ಟ್ರೇಲರ್ ಕಟ್ಟಿದವರು ಹೊಸದನ್ನೇ ಹಿಡಿಯಬೇಕು. ಆ ಹೊಸ ರಸ್ತೆಯಲ್ಲೂ ಹಿಂದೆ ಪುಟ್ಟ ಕ್ಯಾಂಪರ್ (ಒಳಗೆ ಮಲಗಬಹುದಾದ ಟ್ರೇಲರ್) ಇರುವ ನಾಲ್ಕು ಸಿಲಿಂಡರ್ ಎಸ್‌ಯುವಿ ಹೆಣಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ‘ಪಿಕಪ್ಪೇ ಇಲ್ಲ, ಎಂಜಿನ್ ಹೋಯ್ತೇನೋ’ ಎಂಬ ಗಾಬರಿ ಹುಟ್ಟುವುದು ಇಂಥ ಜಾಗದಲ್ಲೇ. ಎಷ್ಟೋ ಸಲ ಎಂಜಿನ್ ಸರಿಯಾಗಿಯೇ ಇರುತ್ತದೆ. ಕೆಲವು ಸಲ ನಿಜಕ್ಕೂ ಕೆಟ್ಟಿರುತ್ತದೆ, ಆದರೂ ಚೆಕ್ ಎಂಜಿನ್ ದೀಪ ಹೊತ್ತಿರುವುದಿಲ್ಲ. ಈ ಎರಡನ್ನು ಬೇರೆ ಮಾಡಿ ತೋರಿಸುವ ಅಗ್ಗದ ಸಾಧನ ಬ್ಲೂಟೂತ್ ಓಬಿಡಿ ರೀಡರ್. ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಇದು ಫೋನಿಗೆ ಕಳಿಸುತ್ತದೆ. ಇದನ್ನು ಬರೀ ದೋಷದ ಕೋಡ್ ಓದಲು, ಅಳಿಸಲು ಇಟ್ಟುಕೊಂಡವರಿಗೆ ಇದರ ಅರ್ಧ ಬೆಲೆಯೂ ದಕ್ಕುವುದಿಲ್ಲ. ಇದರ ನಿಜವಾದ ಕೆಲಸ ಗಾಡಿ ಏರು ಹತ್ತುತ್ತಿರುವಾಗ ಓಡುವ ಅಂಕಿಗಳನ್ನು ತೋರಿಸುವುದು.

ಕೊಳ್ಳುವಾಗ ಒಂದು ಎಚ್ಚರ ಬೇಕು. ಈ ರೀಡರ್‌ಗಳ ಮೂಲ ಇಎಲ್‌ಎಂ327 ಎಂಬ ಚಿಪ್. ಮಾರುಕಟ್ಟೆಯ ಅತಿ ಅಗ್ಗದ ಡಾಂಗಲ್‌ಗಳಲ್ಲಿ, ಅಂದರೆ ರೀಡರ್‌ಗಳಲ್ಲಿ, ಇರುವುದು ಅದರ ನಕಲು. ನಕಲಿನಲ್ಲಿ ಕೋಡ್ ಓದಬಹುದು, ಆದರೆ ಅಂಕಿಗಳು ತಡವಾಗಿ ಬರುತ್ತವೆ, ಗೇರ್‌ಬಾಕ್ಸ್ ಉಷ್ಣತೆಯಂಥ ಕಂಪನಿವಾರು ಮಾಹಿತಿ ಬಹಳ ಸಲ ಬರುವುದೇ ಇಲ್ಲ. ಟ್ರೇಲರ್ ಎಳೆಯುವವರಿಗೆ ಬೇಕಾದದ್ದೇ ಅದು. ಐಫೋನ್ ಇದ್ದವರು ಬ್ಲೂಟೂತ್ ಎಲ್‌ಇ ಇರುವುದನ್ನೇ ನೋಡಿ ತೆಗೆದುಕೊಳ್ಳಿ. ಹಳೆಯ ಬ್ಲೂಟೂತ್ ಡಾಂಗಲ್ ಆಂಡ್ರಾಯ್ಡಿಗೆ ಮಾತ್ರ ಕೂಡುತ್ತದೆ. ವೈಫೈ ಡಾಂಗಲ್ ಹಾಕಿದರೆ ಫೋನಿನ ವೈಫೈ ಅದಕ್ಕೇ ಕಟ್ಟಿಬಿದ್ದು ಮ್ಯಾಪ್ ಕೈಕೊಡಬಹುದು. ಆ್ಯಪ್ ವಿಷಯದಲ್ಲಿ ಟಾರ್ಕ್ ಪ್ರೊ, ಓಬಿಡಿ ಫ್ಯೂಷನ್, ಕಾರ್ ಸ್ಕ್ಯಾನರ್ ಮೂರರಲ್ಲಿ ನಿಮ್ಮ ಫೋನಿಗೆ ಸಿಗುವ ಯಾವುದಾದರೂ ಸಾಕು. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಈ ಸಾಕೆಟ್ ಇದೆ. ಭಾರತದ ಬಿಎಸ್6 ಕಾರುಗಳಲ್ಲೂ ಇದೇ ಸಾಕೆಟ್.

ಪರದೆ ತುಂಬ ಮೀಟರ್ ಇಟ್ಟರೆ ಚೆನ್ನಾಗಿ ಕಾಣುತ್ತದೆ, ಆದರೆ ಪ್ರತಿಯೊಂದೂ ಸರದಿಯಲ್ಲಿ ಕಾಯಬೇಕಾಗಿ ಎಲ್ಲವೂ ನಿಧಾನವಾಗುತ್ತವೆ. ಐದೇ ಇಡಿ: ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ಶೇಕಡಾ ತೆರೆದಿದೆ), ಕ್ಯಾಲ್ಕುಲೇಟೆಡ್ ಲೋಡ್ (ಎಂಜಿನ್ ತನ್ನ ಕೈಲಾದದ್ದರಲ್ಲಿ ಎಷ್ಟು ಶೇಕಡಾ ಕೊಡುತ್ತಿದೆ), ಎಂಎಎಫ್ (ಒಳಗೆ ಹೋಗುವ ಗಾಳಿಯ ತೂಕ), ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚಿಸಿದೆ ಅಥವಾ ಇಳಿಸಿದೆ), ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ). ಓಡಿಸುವವರು ಪರದೆ ನೋಡಬೇಡಿ. ಆ್ಯಪ್‌ನಲ್ಲಿ ಲಾಗ್ (ಅಂಕಿಗಳ ದಾಖಲೆ) ಆನ್ ಮಾಡಿ, ಮೇಲೆ ಹೋಗಿ ನಿಲ್ಲಿಸಿದ ಮೇಲೆ ಓದಿ.

ಹೊರಡುವ ಮುಂಚೆ ಇನ್ನೊಂದು ಕೆಲಸ. ಎಂಜಿನ್ ಹೊತ್ತಿಸದೆ ಕೀ ಮಾತ್ರ ಆನ್ ಮಾಡಿ, ಪೆಡಲ್ ಪೂರ್ತಿ ತುಳಿದು, ಪೆಡಲ್ ಮತ್ತು ಥ್ರಾಟಲ್ ಎಷ್ಟು ತೋರಿಸುತ್ತವೆ ಎಂದು ಬರೆದಿಟ್ಟುಕೊಳ್ಳಿ. ಬಹಳ ಗಾಡಿಗಳಲ್ಲಿ ಪೂರ್ತಿ ತುಳಿದರೂ ಅಂಕಿ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ, 100 ಬರುವುದಿಲ್ಲ. ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿದ್ದೂ ಥ್ರಾಟಲ್ 40ರಲ್ಲೇ ಉಳಿದರೆ ಕಂಪ್ಯೂಟರೇ ಎಂಜಿನ್ನನ್ನು ಹಿಡಿದಿಟ್ಟಿದೆ ಎಂದರ್ಥ. ಗೇರ್‌ಬಾಕ್ಸ್ ಕಾದಿರಬಹುದು, ಕೂಲೆಂಟ್ ಕಾದಿರಬಹುದು, ಥ್ರಾಟಲ್ ಬಾಡಿಯೇ ಕೆಟ್ಟಿರಬಹುದು. ಸಿವಿಟಿ (ಹಲ್ಲಿನ ಗೇರ್‌ಗಳ ಬದಲು ಬೆಲ್ಟ್ ಬಳಸುವ) ಗೇರ್‌ಬಾಕ್ಸ್ ಇರುವ ಗಾಡಿಗಳಲ್ಲಿ ಇದು ಸಾಮಾನ್ಯ. ಎಣ್ಣೆ ಕಾದಷ್ಟೂ ತನ್ನನ್ನು ಉಳಿಸಿಕೊಳ್ಳಲು ಅದು ಶಕ್ತಿ ಕಡಿಮೆ ಮಾಡುತ್ತ ಹೋಗುತ್ತದೆ.

ಥ್ರಾಟಲ್ ಪೂರ್ತಿ ತೆರೆದಿದ್ದರೆ ಲೋಡ್ ನೋಡಿ. ಕ್ಯಾಲ್ಕುಲೇಟೆಡ್ ಲೋಡ್ ಎಂಬ ಅಂಕಿ ಅಲ್ಲಿನ ಗಾಳಿಯ ಒತ್ತಡಕ್ಕೆ ಹೊಂದಿಸಿದ್ದು. ಎಷ್ಟೇ ಎತ್ತರದಲ್ಲಿದ್ದರೂ ಆರೋಗ್ಯವಾಗಿರುವ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 90ರ ಮೇಲೆ ತೋರಿಸಬೇಕು. ತೋರಿಸುತ್ತಿದೆ, ಆದರೂ ಗಾಡಿ ಹತ್ತುತ್ತಿಲ್ಲ ಎಂದರೆ ಎಂಜಿನ್ ತನ್ನ ಕೈಲಾದದ್ದೆಲ್ಲ ಕೊಡುತ್ತಿದೆ, ಗಾಳಿ ತೆಳುವಾಗಿದೆ ಅಥವಾ ಭಾರ ಜಾಸ್ತಿಯಾಗಿದೆ. ಯೊಸೆಮಿಟಿಯ ಟಯೋಗ ಪಾಸ್ 3,031 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 1,100 ಮೀಟರ್ ಮೇಲೆ. ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಇರುವ ಗಾಳಿಯ ಒತ್ತಡ ಅಲ್ಲಿ 70ರ ಹತ್ತಿರ. ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಪಂಪ್) ಇಲ್ಲದ ಎಂಜಿನ್ ಆ ಎತ್ತರದಲ್ಲಿ ಸುಮಾರು 30 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಯಾವ ಮೆಕ್ಯಾನಿಕ್ಕೂ ಅದನ್ನು ವಾಪಸ್ ತರಲಾರ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಸ್‌ಯುವಿ 1,700 ಕಿಲೋ, ಜನ ಮತ್ತು ಸಾಮಾನು 350, ತುಂಬಿದ ಕ್ಯಾಂಪರ್ 950. ಒಟ್ಟು 3,000 ಕಿಲೋ. 6 ಶೇಕಡಾ ಏರಿನಲ್ಲಿ ಗಂಟೆಗೆ 50 ಮೈಲಿ ವೇಗ ಉಳಿಸಿಕೊಳ್ಳಲು ಈ ಭಾರವನ್ನು ಮೇಲಕ್ಕೆತ್ತುವುದಕ್ಕೇ ಸುಮಾರು 53 ಎಚ್‌ಪಿ ಬೇಕು. ಗಾಳಿ ಮತ್ತು ಟೈರಿನ ಎಳೆತಕ್ಕೆ ಇನ್ನೂ 25ರಷ್ಟು ಸೇರಿಸಿ. ಟರ್ಬೋ ಇಲ್ಲದ 2.5 ಲೀಟರ್ ಎಂಜಿನ್ 3,000 ಮೀಟರ್ ಎತ್ತರದಲ್ಲಿ 2,500 ಆರ್‌ಪಿಎಂಗೆ ಕೊಡುವುದು ಹತ್ತಿರ ಹತ್ತಿರ 55 ಎಚ್‌ಪಿ. ಅದೇ ಎಂಜಿನ್ 4,500ಕ್ಕೆ ನೂರರಷ್ಟು ಕೊಡುತ್ತದೆ. ಅಂದರೆ ಗೇರ್ ಇಳಿಸಲೇಬೇಕು. ಸದ್ದಿಗೆ ಹೆದರಿ ಮೇಲಿನ ಗೇರ್‌ನಲ್ಲೇ ಎಳೆಸುವುದು ಎಂಜಿನ್ನಿಗೆ ಹೆಚ್ಚು ಕೆಟ್ಟದ್ದು. ಲಾಗ್‌ನಲ್ಲಿ ಲೋಡ್ 95, ಆರ್‌ಪಿಎಂ 2,300 ಎಂದು ಒಂದೇ ಸಮನೆ ಉದ್ದಕ್ಕೆ ಕಂಡರೆ ದೋಷ ಇರುವುದು ಗೇರ್ ಆಯ್ಕೆಯಲ್ಲಿ.

ಪೂರ್ತಿ ಥ್ರಾಟಲ್‌ನಲ್ಲೂ ಲೋಡ್ 70 ದಾಟದಿದ್ದರೆ ಮಾತು ಬೇರೆ. ಎಂಜಿನ್ ಉಸಿರಾಡುತ್ತಿಲ್ಲ ಅಥವಾ ಉಸಿರಾಟವನ್ನು ಅಳೆಯುವ ಎಂಎಎಫ್ ಸೆನ್ಸರ್ ತಪ್ಪು ಹೇಳುತ್ತಿದೆ. ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಚಳಿಗಾಲವೆಲ್ಲ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟುವುದು ಅಮೆರಿಕದಲ್ಲಿ ಹೊಸತಲ್ಲ. ಫಿಲ್ಟರಿನ ಮಡಿಕೆಗಳ ಮೇಲೆ ಹರಿದ ಇನ್ಸುಲೇಷನ್ ಹತ್ತಿ, ಓಕ್ ಕಾಯಿಯ ಸಿಪ್ಪೆ, ಹಿಕ್ಕೆ ಒಂದು ಹಾಸಿಗೆಯಂತೆ ಕೂತಿರುತ್ತವೆ. ಊರೊಳಗೆ ನಿಧಾನ ಓಡಿಸುವಾಗ ಅಷ್ಟು ಗಾಳಿ ಸಾಕಾಗುತ್ತದೆ. ಟ್ರೇಲರ್ ಕಟ್ಟಿದ ದಿನ ಸಾಲುವುದಿಲ್ಲ.

ಫಿಲ್ಟರ್ ಚೆನ್ನಾಗಿದ್ದರೆ ಎಂಎಎಫ್. ಬಿಸಿಯಾದ ಎಂಜಿನ್ ಸುಮ್ಮನೆ ನಿಂತು ಓಡುವಾಗ ಸೆಕೆಂಡಿಗೆ ಬರುವ ಗ್ರಾಂ ಅಂಕಿ ಎಂಜಿನ್ನಿನ ಲೀಟರಿಗೆ ಸಮ ಅಥವಾ ಸ್ವಲ್ಪ ಜಾಸ್ತಿ ಇರಬೇಕು: 2.5 ಲೀಟರಿಗೆ 2.5ರಿಂದ 4. ಸಮತಟ್ಟು ನಾಡಿನಲ್ಲಿ ಪೂರ್ತಿ ತುಳಿದು ಆರ್‌ಪಿಎಂ ತುದಿಗೆ ಹೋದಾಗ ಬರುವ ಅಂಕಿಯನ್ನು 1.25ರಿಂದ ಗುಣಿಸಿದರೆ ಸರಿಸುಮಾರು ಎಚ್‌ಪಿ ಸಿಗುತ್ತದೆ. 180 ಎಚ್‌ಪಿ ಎಂಜಿನ್ನಿನಲ್ಲಿ ಸೆಕೆಂಡಿಗೆ 100 ಗ್ರಾಂ ಮಾತ್ರ ಬಂದು, ಫ್ಯೂಯಲ್ ಟ್ರಿಮ್ ಪ್ಲಸ್ 15 ದಾಟಿದ್ದರೆ ಸೆನ್ಸರಿನ ತಂತಿ ಕೊಳೆಯಾಗಿದೆ. ಎಣ್ಣೆ ಸವರಿದ ಹತ್ತಿ ಫಿಲ್ಟರ್ ಹಾಕಿದವರಿಗೆ ಇದು ಬೇಗ ಬರುತ್ತದೆ. ಎಣ್ಣೆ ಹಾರಿ ಬಂದು ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು. ಬ್ಯಾಟರಿ ಕನೆಕ್ಷನ್ ತೆಗೆದು, ಸೆನ್ಸರಿನ ಎರಡು ಸ್ಕ್ರೂ ಬಿಚ್ಚಿ, ಎಂಎಎಫ್ ಕ್ಲೀನರ್ ಎಂದೇ ಬರೆದಿರುವ ಸ್ಪ್ರೇಯಿಂದ ಹತ್ತು ಹದಿನೈದು ಸಲ ಹೊಡೆಯಿರಿ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಬೇಡ. ತಂತಿ ಕೂದಲಿಗಿಂತ ದಪ್ಪ ಇರುವುದಿಲ್ಲ, ಬಟ್ಟೆ ತಾಗಿಸಿದರೂ ಮುರಿಯುತ್ತದೆ. ಅರ್ಧ ಗಂಟೆ ಒಣಗಿಸಿ ಕೂಡಿಸಿ.

ಟ್ರಿಮ್ ಅದೇ ಪ್ಲಸ್ 15, ಆದರೆ ಲೋಡ್ ಮತ್ತು ಎಂಎಎಫ್ ಸರಿಯಾಗಿವೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ: ಫ್ಯೂಯಲ್ ಪಂಪ್ ಅಥವಾ ಫಿಲ್ಟರ್. ಟ್ರಿಮ್ ಸಹಜವಾಗಿದ್ದು ಲೋಡ್, ಎಂಎಎಫ್ ಎರಡೂ ಕಡಿಮೆ ಇದ್ದರೆ ಹೊಗೆ ಹೋಗುವ ದಾರಿ ಕಟ್ಟಿರುವ ಸಾಧ್ಯತೆ ಜಾಸ್ತಿ. ಒಳಗೆ ಕುಸಿದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ನಿಧಾನ ಓಡಿಸುವಾಗ ಗೊತ್ತೇ ಆಗುವುದಿಲ್ಲ. ಇದನ್ನು ಖಚಿತ ಮಾಡಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅಲ್ಲಿ ಪ್ರೆಷರ್ ಗೇಜ್ ಹಾಕಬೇಕು. 2,500 ಆರ್‌ಪಿಎಂಗೆ 3 ಪಿಎಸ್‌ಐ ಮೀರಿದರೆ ಕನ್ವರ್ಟರ್ ಹೋಗಿದೆ. ಅಂಕಿಗಳೆಲ್ಲ ಸರಿಯಿದ್ದು ಏರಿನಲ್ಲಿ ಮಾತ್ರ ಗಾಡಿ ಜಗ್ಗಿ ಜಗ್ಗಿ ಓಡಿದರೆ ಆ್ಯಪ್‌ನ ಮೋಡ್ 06ರಲ್ಲಿ (ಕಂಪ್ಯೂಟರಿನ ಸ್ವಂತ ಪರೀಕ್ಷೆಗಳ ಪಟ್ಟಿ) ಮಿಸ್‌ಫೈರ್ ಎಣಿಕೆ, ಅಂದರೆ ಸಿಲಿಂಡರ್ ಎಷ್ಟು ಸಲ ಹೊತ್ತದೆ ತಪ್ಪಿತು ಎಂಬುದನ್ನು, ನೋಡಿ. ಕಿಡಿ ಕೊಡುವ ಕಾಯಿಲ್ ಸೋತಿದ್ದರೆ ಮೊದಲು ತಪ್ಪುವುದು ಭಾರ ಬಿದ್ದಾಗಲೇ, ದೀಪ ಹೊತ್ತುವ ಎಷ್ಟೋ ಮುಂಚೆ.

ಟರ್ಬೋ ಗಾಡಿಯವರು ಪೆಟ್ರೋಲಿನ ಆಕ್ಟೇನ್ (ನಾಕ್ ತಡೆಯುವ ಶಕ್ತಿಯ ಅಂಕಿ) ಮರೆಯಬೇಡಿ. ಮಾಜ್ದಾ ಸಿಎಕ್ಸ್-5ರ 2.5 ಟರ್ಬೋ ಎಂಜಿನ್ನನ್ನೇ ತೆಗೆದುಕೊಳ್ಳಿ: ಬಿಡುಗಡೆಯಾದಾಗ ಕಂಪನಿಯೇ ಕೊಟ್ಟ ಅಂಕಿ 93 ಆಕ್ಟೇನಿಗೆ 250 ಎಚ್‌ಪಿ, 87ಕ್ಕೆ 227. ಕೊಲರಾಡೊ, ಯೂಟಾ ಬಂಕ್‌ಗಳಲ್ಲಿ ಸಿಗುವ 85 ಹಾಕಿ ಟ್ರೇಲರ್ ಎಳೆಸಬೇಡಿ. ನಾಕ್ (ಪೆಟ್ರೋಲ್ ಹೊತ್ತಬಾರದ ಗಳಿಗೆಯಲ್ಲಿ ಹೊತ್ತಿ ಬಡಿಯುವುದು) ಬಂದೊಡನೆ ಕಂಪ್ಯೂಟರ್ ಟೈಮಿಂಗ್, ಅಂದರೆ ಕಿಡಿ ಹೊತ್ತಿಸುವ ಗಳಿಗೆ, ಹಿಂದಕ್ಕೆ ತಳ್ಳುತ್ತದೆ. ಆ್ಯಪ್‌ನ ಟೈಮಿಂಗ್ ಅಡ್ವಾನ್ಸ್ ಅಂಕಿ ಇಳಿಯುವುದರಲ್ಲಿ ಅದು ಕಾಣುತ್ತದೆ.

ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಎಲ್ಲ ಗಾಡಿಗೂ ಒಂದೇ ಜಾಗದಲ್ಲಿ ಸಿಗುವ ಅಂಕಿಯಲ್ಲ, ಕಂಪನಿಗೆ ತಕ್ಕ ಪಟ್ಟಿಯನ್ನು ಆ್ಯಪ್‌ಗೆ ಸೇರಿಸಬೇಕು. ಆ ಹತ್ತು ನಿಮಿಷದ ಕೆಲಸ ತಪ್ಪದೆ ಮಾಡಿ. ಮಾಮೂಲಿ ಆಟೊಮ್ಯಾಟಿಕ್‌ನಲ್ಲಿ 80ರಿಂದ 95 ಡಿಗ್ರಿ ಸಹಜ, 120ಕ್ಕೆ ಹೋದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿ ಎಂಜಿನ್ ಓಡಿಸುತ್ತ ತಣಿಸಿ. ವೇಗ ಹಾಗೇ ಇದ್ದು ಆರ್‌ಪಿಎಂ ಮಾತ್ರ 300–400 ಏರಿ ಇಳಿಯುತ್ತಿದ್ದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸುವ ಟಾರ್ಕ್ ಕನ್ವರ್ಟರಿನ ಲಾಕ್ ಬಿಟ್ಟು ಹಿಡಿದು ಮಾಡುತ್ತಿದೆ. ಎಣ್ಣೆ ಬಿಸಿಯಾಗುವುದು ಅಲ್ಲೇ. ಟೋ ಮೋಡ್ (ಟ್ರೇಲರ್ ಎಳೆಯಲು ಗಾಡಿಯಲ್ಲಿರುವ ಸೆಟ್ಟಿಂಗ್) ಹಾಕಿ ಅಥವಾ ಒಂದು ಗೇರ್ ಕೆಳಗೆ ಕಟ್ಟಿ ಹಾಕಿ.

ಇಷ್ಟೆಲ್ಲ ಮಾಡುವ ರೀಡರ್‌ಗೆ ಟ್ರೇಲರ್ ಕಾಣುವುದಿಲ್ಲ. ಇದೇ ಇದರ ದೊಡ್ಡ ಮಿತಿ, ಮತ್ತು ಎಂಜಿನ್ ಅಂಕಿಗಳೆಲ್ಲ ಚೆನ್ನಾಗಿರುವಾಗ ದೋಷ ಅಲ್ಲೇ ಕೂತಿರುತ್ತದೆ. ಜೊತೆಗೊಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. 20 ಮೈಲಿ ಜೋರಾಗಿ ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ಟ್ರೇಲರಿನ ಎರಡೂ ಚಕ್ರದ ಹಬ್‌ಗೆ ಹಿಡಿಯಿರಿ. ಒಂದು ಇನ್ನೊಂದಕ್ಕಿಂತ 25 ಡಿಗ್ರಿ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಜ್ಯಾಕ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಇರುವ ಕ್ಯಾಂಪರಿನಲ್ಲಿ ಬ್ರೇಕ್‌ಅವೇ ಪಿನ್ (ಟ್ರೇಲರ್ ಕಳಚಿದರೆ ಬ್ರೇಕ್ ಹಾಕಿಸುವ ಪಿನ್) ಅರ್ಧ ಹೊರಬಂದಿದ್ದರೂ ಬ್ರೇಕ್ ಕಚ್ಚಿಕೊಂಡೇ ಇರುತ್ತದೆ. ಎಸ್‌ಟಿ175/80ಆರ್13 ಲೋಡ್ ರೇಂಜ್ ಸಿ ಎಂಬ ಟ್ರೇಲರ್ ಟೈರಿಗೆ 50 ಪಿಎಸ್‌ಐ ಬೇಕು. ಕಾರಿನ ಅಭ್ಯಾಸದಲ್ಲಿ 32 ಹೊಡೆಸಿದರೆ ಟೈರ್ ಕಾಯುತ್ತದೆ, ಎಳೆತ ಹೆಚ್ಚುತ್ತದೆ. 20 ಗ್ಯಾಲನ್ ನೀರಿನ ಟ್ಯಾಂಕ್ ಮನೆಯಲ್ಲೇ ತುಂಬಿಸಿ ಹೊರಟರೆ 75 ಕಿಲೋ ಘಾಟಿ ಹತ್ತಿಸಿದಂತೆ. ನಿಜವಾದ ತೂಕ ತಿಳಿಯಲು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ಕಟ್ಟೆ) ಮೇಲೆ ಒಮ್ಮೆ ನಿಲ್ಲಿಸಿ.

ಸಮತಟ್ಟಿನಲ್ಲಿ ನಿಧಾನ ಎನಿಸಿದರೆ ಕಾರಣ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 55 ಮೈಲಿಯ ಬದಲು 65ಕ್ಕೆ ಹೋದರೆ 65 ಶೇಕಡಾ ಜಾಸ್ತಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನೇ 55 ಎನ್ನುತ್ತದೆ.

ಬಳಕೆಯಲ್ಲಿ ಕಂಡ ಕಿರಿಕಿರಿ ಮೂರು. ಸಾಕೆಟ್ ಮೊಣಕಾಲಿನ ಹತ್ತಿರವಿದ್ದು ಡಾಂಗಲ್‌ಗೆ ಕಾಲು ತಗಲುತ್ತದೆ, ಒಂದಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಪಕ್ಕಕ್ಕೆ ಕಟ್ಟುವುದು ಒಳ್ಳೆಯದು. ಕೋಡ್ ಅಳಿಸುವ ಬಟನ್ ತೀರಾ ಸುಲಭವಾಗಿ ಒತ್ತಿಬಿಡುತ್ತದೆ. ಒತ್ತಿದರೆ ಕಲಿತಿದ್ದ ಫ್ಯೂಯಲ್ ಟ್ರಿಮ್ ಅಳಿಸಿಹೋಗಿ ಸಾಕ್ಷಿಯೇ ಇಲ್ಲವಾಗುತ್ತದೆ, ಮಾನಿಟರ್‌ಗಳು (ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು) ಮತ್ತೆ ಸಿದ್ಧವಾಗುವ ತನಕ ಸ್ಮಾಗ್ ಚೆಕ್ (ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆ) ಪಾಸಾಗುವುದಿಲ್ಲ. ಮೂರನೆಯದು ಬ್ಯಾಟರಿ. ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಕರೆಂಟ್ ಇರುತ್ತದೆ. 50 ಮಿಲಿಆ್ಯಂಪ್ ಎಳೆಯುವ ಡಾಂಗಲ್ ಮೂರು ವಾರದಲ್ಲಿ 50 ಆ್ಯಂಪ್‌ಅವರ್ ಬ್ಯಾಟರಿಯ ಅರ್ಧ ಕುಡಿದುಬಿಡುತ್ತದೆ. ಪ್ರವಾಸ ಮುಗಿದ ದಿನವೇ ಬಿಚ್ಚಿ, ಗ್ಲೋವ್ ಬಾಕ್ಸಿನಲ್ಲಿ ಥರ್ಮಾಮೀಟರಿನ ಪಕ್ಕದಲ್ಲಿಡಿ.