ಆಟೋಡಾಕ್ ವೀನಾ: ಮಲೇರಿಯಾ ಔಷಧಿಯ ಪಾಠಕ್ಕೆ ಬೇಕೇ ಬೇಕು, ತೀರ್ಪಿಗೆ ಸಾಲದು

‘ಟೀಚರ್, ಪ್ರಾಜೆಕ್ಟಿಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?’ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ನಮ್ಮ ಕಾಸರಗೋಡಿನ ಕಾಲೇಜಿಗೆ ಬರುವ ಎಂಎಸ್ಸಿ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ನನ್ನ ಉತ್ತರ ಆಟೋಡಾಕ್ ವೀನಾ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಒಲೆಗ್ ಟ್ರಾಟ್ ಮತ್ತು ಆರ್ಥರ್ ಓಲ್ಸನ್ ಮಾಡಿದ್ದು. ಪೂರ್ತಿ ಉಚಿತ. ಕಿಣ್ವದ ಗುಂಡಿಯಲ್ಲಿ ಒಂದು ಅಣು ಹೇಗೆ ಕೂರಬಹುದು ಎಂದು ಲೆಕ್ಕ ಹಾಕಿ ತೋರಿಸುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಫೈಲುಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ಮಳೆಗಾಲದಲ್ಲಿ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ನಾನು ಇದನ್ನು ಬಳಸುವುದು ಮಲೇರಿಯಾ ರೋಗಾಣುವಿನ ಡಿಎಚ್‌ಎಫ್‌ಆರ್ ಕಿಣ್ವದ ಪಾಠಕ್ಕೆ. ಡಿಎನ್‌ಎ ಕಟ್ಟಲು ರೋಗಾಣುವಿಗೆ ಈ ಕಿಣ್ವ ಬೇಕು. ನಮ್ಮ ಮೈಯಲ್ಲೂ ಇದೆ, ಅದೇ ತೊಡಕು. ಔಷಧಿ ರೋಗಾಣುವಿನದ್ದನ್ನು ಹಿಡಿಯಬೇಕು, ನಮ್ಮದನ್ನು ಬಿಡಬೇಕು. ಪೈರಿಮೆಥಮೈನ್ ಎಂಬ ಮಲೇರಿಯಾ ಔಷಧಿ ಹಾಗೆ ಕೆಲಸ ಮಾಡುತ್ತಿತ್ತು. ಆಮೇಲೆ ಮಲೇರಿಯಾ ರೋಗಾಣುಗಳಲ್ಲಿ ಒಂದಾದ ಫಾಲ್ಸಿಪಾರಂನ ಕಿಣ್ವದ 108ನೇ ಜಾಗದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಆಸ್ಪರಜಿನ್ ಬಂತು. ಔಷಧಿಯ ಕ್ಲೋರಿನ್ ಇರುವ ಉಂಗುರ ಅದಕ್ಕೆ ತಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಪ್ರೋಟೀನುಗಳ ರಚನೆಗಳನ್ನು ಇಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಮೂಲ ಕಿಣ್ವದ ಸಂಕೇತ 1ಜೆ3ಐ, ನಾಲ್ಕು ಕಡೆ ಬದಲಾದದ್ದರದ್ದು 1ಜೆ3ಕೆ. ಎರಡರಲ್ಲೂ ಡಬ್ಲ್ಯುಆರ್99210 ಎಂಬ ಅಣು ಕೂತಿದೆ. ಅದರ ಬಾಲ ಬಾಗುತ್ತದೆ, ಹಾಗಾಗಿ ಆ ಅಡ್ಡಿಯನ್ನು ತಪ್ಪಿಸಿಕೊಳ್ಳುತ್ತದೆ. ಥಾಯ್ಲೆಂಡಿನ ವಿಜ್ಞಾನಿಗಳು ಇದೇ ಜಾಡಿನಲ್ಲಿ ಮುಂದೆ ಹೋಗಿ ಪಿ218 ಎಂಬ ಅಣುವನ್ನು ರೂಪಿಸಿದರು. ಎರಡು ಕಿಣ್ವಗಳನ್ನೂ ಪಕ್ಕಪಕ್ಕ ತೆರೆದು ತೋರಿಸಿದರೆ ಮಕ್ಕಳ ಮುಖ ಅರಳುತ್ತದೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ಅದು ಆಗುವುದಿಲ್ಲ.

ಕಷ್ಟ ಇರುವುದು ತಯಾರಿಯಲ್ಲಿ. ವೀನಾವನ್ನು ಸಾಮಾನ್ಯವಾಗಿ ಕಮಾಂಡ್ ಟೈಪ್ ಮಾಡಿ ನಡೆಸಬೇಕು. ಫೈಲುಗಳನ್ನು ವೀನಾ ಓದುವ ಪಿಡಿಬಿಕ್ಯುಟಿ ರೂಪಕ್ಕೆ ತರಬೇಕು. ಪ್ರೋಟೀನ್ ಬಿಟ್ಟು ಉಳಿದದ್ದೆಲ್ಲ ಅಳಿಸಿ ಎಂದು ತುಂಬಾ ಕಡೆ ಹೇಳಿಕೊಡುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಎನ್‌ಎಡಿಪಿಎಚ್ ಎಂಬ, ಕಿಣ್ವಕ್ಕೆ ನೆರವಾಗುವ ಅಣು ಆ ಗುಂಡಿಯ ಒಂದು ಗೋಡೆ. ಅದನ್ನು ತೆಗೆದರೆ ಇಲ್ಲದ ಜಾಗ ಹುಟ್ಟಿಕೊಳ್ಳುತ್ತದೆ, ಅಣು ಅಲ್ಲಿಗೂ ಹೋಗಿ ಕೂರಬಹುದು.

ಇನ್ನು ಅಂಕದ ಮಾತು, ಅಂದರೆ ಅಣು ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ವೀನಾ ಕೊಡುವ ಅಂದಾಜು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ರೋಗಾಣುವಿನ ಕಿಣ್ವವನ್ನು ಮನುಷ್ಯರದ್ದಕ್ಕಿಂತ ಹತ್ತು ಪಟ್ಟು ಬಿಗಿಯಾಗಿ ಹಿಡಿಯುವ ಅಣು ಎಂದರೆ, ಶಕ್ತಿಯ ಲೆಕ್ಕದಲ್ಲಿ ಇರುವ ವ್ಯತ್ಯಾಸ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲರಿ ಮಾತ್ರ. ವೀನಾದ ಅಂದಾಜು ಅದಕ್ಕಿಂತ ಜಾಸ್ತಿ ತಪ್ಪಬಹುದು. ಮೇಲಾಗಿ, ಬೇರೆ ಸೂಚನೆ ಕೊಡದಿದ್ದರೆ ಅದು ಪ್ರೋಟೀನನ್ನು ಅಲುಗದ ವಸ್ತು ಎಂದೇ ಎಣಿಸುತ್ತದೆ. ಮನುಷ್ಯರ ಕಿಣ್ವದಲ್ಲಿ ಕೂರಿಸಿಯೂ ನೋಡದೆ, ಬರೀ ಒಂದು ಅಂಕ ಹಿಡಿದು ‘ಇದು ಸುರಕ್ಷಿತ ಔಷಧಿ’ ಎಂದು ಬರೆದ ವರದಿ ಓದಿದಾಗ ಬೇಸರವಾಗುತ್ತದೆ. ಎರಡರಲ್ಲೂ ಕೂರಿಸಿದರೂ ಅದು ಆಯ್ಕೆಯ ಮೊದಲ ಜರಡಿ ಅಷ್ಟೇ. ಕಿಣ್ವವನ್ನೇ ಲ್ಯಾಬಿನಲ್ಲಿ ಇಟ್ಟು ಪರೀಕ್ಷಿಸಲೇಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸಬರು ಮೊದಲು 1ಜೆ3ಐಯಿಂದ ಡಬ್ಲ್ಯುಆರ್99210 ಅನ್ನು ತೆಗೆದು, ಮತ್ತೆ ಅಲ್ಲೇ ಕೂರಿಸಿ ನೋಡಿ. ಹಳೆಯ ಜಾಗದಿಂದ 2 ಆಂಗ್‌ಸ್ಟ್ರಾಮ್ ಒಳಗೆ ಬಂದರೆ ಮಾತ್ರ ನಿಮ್ಮ ಸ್ವಂತ ಅಣುವಿಗೆ ಕೈ ಹಾಕಿ.